ನಕ್ಷೆಗೆ ಮೊದಲೇ ಕೂಡಿದ ನಂಟು

ದೇಶಕ್ಕೆ ಸ್ವಾತಂತ್ರ್ಯ ಬಂದ 1947ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ 30ನೆಯ ಅಧಿವೇಶನ ನಡೆದದ್ದು ಹರಪನಹಳ್ಳಿಯಲ್ಲಿ. ಅಧ್ಯಕ್ಷರಾಗಿದ್ದವರು ಮೈಸೂರು ಸಂಸ್ಥಾನದ ನಾಟಕಕಾರ ಸಿ.ಕೆ. ವೆಂಕಟರಾಮಯ್ಯ. ಹರಪನಹಳ್ಳಿ ಆಗ ಮೈಸೂರಿಗೆ ಸೇರಿರಲಿಲ್ಲ. ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರವಾಗಿತ್ತು. ಊರಿಗೆ ರೈಲು ಇರಲಿಲ್ಲ. ಹೊಸಪೇಟೆಯಿಂದ ಹೊರಟ ಕವಲು ದಾರಿ ಹಗರಿಬೊಮ್ಮನಹಳ್ಳಿಯನ್ನು ಹಾದು ಕೊಟ್ಟೂರಿನಲ್ಲಿ ನಿಂತುಬಿಡುತ್ತಿತ್ತು. ಮೈಸೂರು ಸೀಮೆಯಿಂದ ಬರುವವರಾದರೆ ದಾವಣಗೆರೆಯಲ್ಲೋ ಹರಿಹರದಲ್ಲೋ ಇಳಿದು ರಸ್ತೆ ಹಿಡಿಯಬೇಕು. ಕೊಟ್ಟೂರಿಗೂ ಹರಿಹರಕ್ಕೂ ನಡುವೆ ಹರಪನಹಳ್ಳಿಯ ಮೇಲೆ ಹಳಿ ಕೂಡಿದ್ದು ಈ ಶತಮಾನದಲ್ಲಿ.

ರೈಲು ಕೂಡಿಸದ ಊರಿನಲ್ಲಿ ಪುಸ್ತಕ ಜನರನ್ನು ಕೂಡಿಸಿತು ಎಂಬುದು ಕೇಳಲು ಅಲಂಕಾರದ ಮಾತಿನಂತೆ ತೋರಬಹುದು. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿಯ ಇತಿಹಾಸವನ್ನು ಹಿಂದಕ್ಕೆ ತಿರುಗಿಸುತ್ತ ಹೋದರೆ ಇದು ಬರಿಯ ಅಲಂಕಾರವಲ್ಲವೆಂದು ಮನವರಿಕೆಯಾಗುತ್ತದೆ. ಒಬ್ಬರ ಮುಖ ಒಬ್ಬರು ಕಾಣದ, ಒಂದೇ ಸರ್ಕಾರದ ಪ್ರಜೆಗಳೂ ಅಲ್ಲದ ಜನ ಕಥೆ, ಹಾಡು, ಓದುಗಳ ಮೂಲಕ ನೆಂಟರಾದ ಬಗೆಯನ್ನು ಈ ಸೀಮೆ ಚೆನ್ನಾಗಿ ತೋರಿಸುತ್ತದೆ. ಪರದೇಶಕ್ಕೆ ಹೋದ ಕನ್ನಡಿಗರು ಅಲ್ಲಿ ಪುಸ್ತಕದ ಸುತ್ತ ಗುಂಪುಗೂಡುವುದನ್ನು ನಾವು ಇಂದು ಕಾಣುತ್ತೇವೆ. ಈ ತಾಲ್ಲೂಕುಗಳ ಜನ ತಮ್ಮ ಹೊಲಮನೆ ಬಿಟ್ಟು ಕದಲದೆಯೇ ಪರದೇಶಿಗಳಂತಿದ್ದರು.

ಒಂದು ದಿನದ ದಾರಿ, ಮೂರು ಸರ್ಕಾರ

1800ರಲ್ಲಿ ಹೈದರಾಬಾದಿನ ನಿಜಾಮ ಈ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅಂದಿನಿಂದ 1953ರವರೆಗೆ, ಒಂದೂವರೆ ಶತಮಾನ, ಇಲ್ಲಿನ ಕಂದಾಯ, ಕೋರ್ಟು, ಶಾಲೆಗಳೆಲ್ಲ ಮದರಾಸಿನ ಅಧೀನದಲ್ಲಿದ್ದವು. ಜಿಲ್ಲೆಯ ಪೂರ್ವ ಭಾಗದಲ್ಲಿ ತೆಲುಗು ಬಲವಾಗಿತ್ತು. ಪಶ್ಚಿಮದ ಈ ತಾಲ್ಲೂಕುಗಳಲ್ಲಿ ಮನೆಯ ಮಾತು ಕನ್ನಡ. ಆದರೆ ಮೇಲಿನ ಓದು, ಕಚೇರಿಯ ಕೆಲಸ ಎಂದರೆ ಇಂಗ್ಲಿಷು. ಅದರ ಪಕ್ಕದಲ್ಲಿ ತೆಲುಗು. ಕನ್ನಡ ಬಲ್ಲವನಿಗೆ ಕನ್ನಡದಿಂದ ಸರ್ಕಾರದಲ್ಲಿ ಆಗಬೇಕಾದ ಕೆಲಸ ಬಹಳವೇನೂ ಇರಲಿಲ್ಲ.

ಸುತ್ತಲ ಭೂಪಟ ಇನ್ನೂ ವಿಚಿತ್ರವಾಗಿತ್ತು. ಹಡಗಲಿಯಿಂದ ತುಂಗಭದ್ರೆಯನ್ನು ದೋಣಿಯಲ್ಲಿ ದಾಟಿದರೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಅದೇ ಹೊಳೆಯ ಗುಂಟ ಕೆಳಕ್ಕೆ ಹೋದರೆ ಆಚೆ ದಡದಲ್ಲಿ ಕೊಪ್ಪಳ. ಅದು ನಿಜಾಮನ ರಾಜ್ಯ, ಅಲ್ಲಿ ಆಡಳಿತ ಉರ್ದುವಿನಲ್ಲಿ, ಚಲಾವಣೆಯ ನಾಣ್ಯವೂ ಬೇರೆ. ಕೂಡ್ಲಿಗಿಯಿಂದ ದಕ್ಷಿಣಕ್ಕೆ ನಡೆದರೆ ಮೊಳಕಾಲ್ಮೂರು, ಜಗಳೂರು. ಅದು ಮೈಸೂರು ಮಹಾರಾಜರ ಸೀಮೆ. ಉತ್ತರಕ್ಕೆ ಸಂಡೂರು, ಅಲ್ಲಿ ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. ಕನ್ನಡ ನಾಡು ಇಂಥ ಇಪ್ಪತ್ತರಷ್ಟು ಆಡಳಿತಗಳಲ್ಲಿ ಹಂಚಿಹೋಗಿತ್ತೆಂದು ಏಕೀಕರಣದ ಚರಿತ್ರೆಗಳು ಹೇಳುತ್ತವೆ. ಉಳಿದ ಕಡೆ ಅದು ಪುಸ್ತಕದ ಲೆಕ್ಕ. ಈ ತಾಲ್ಲೂಕುಗಳಲ್ಲಿ ಅದು ಕಾಲ್ನಡಿಗೆಯ ಅನುಭವ. ಹೆಣ್ಣು ಕೊಟ್ಟ ಊರು ಒಂದು ಸರ್ಕಾರದ್ದು, ಎತ್ತು ಕೊಳ್ಳುವ ಸಂತೆ ಇನ್ನೊಂದರದು, ಹರಕೆಯ ದೇವರು ಮತ್ತೊಂದರದು.

ಮಾತಿನಲ್ಲೂ ಅಂತರವಿತ್ತು. ಇಲ್ಲಿಯವರು ‘ಐತಿ’ ಎನ್ನುವಲ್ಲಿ ಮಂಗಳೂರಿನವರು ‘ಉಂಟು’ ಎನ್ನುತ್ತಾರೆ, ಮೈಸೂರಿನವರು ‘ಇದೆ’ ಎನ್ನುತ್ತಾರೆ. ಕರಾವಳಿಯವನೊಬ್ಬ ಕೊಟ್ಟೂರಿನ ಪೇಟೆಯಲ್ಲಿ ನಿಂತು ಮಾತನಾಡಿದರೆ ಅವನನ್ನು ಕನ್ನಡಿಗನೆಂದು ಒಪ್ಪುವ ಮೊದಲು ಜನ ಒಂದು ಕ್ಷಣ ಅನುಮಾನಿಸಿಯೇ ಅನುಮಾನಿಸುತ್ತಿದ್ದರು. ಇಂಥವರ ನಡುವೆ ‘ನಾವು ಒಂದು’ ಎಂಬ ಭಾವನೆ ಬೆಳೆಯಬೇಕಾದರೆ ಇಬ್ಬರಿಗೂ ಗೊತ್ತಿರುವ ಯಾವುದಾದರೂ ಒಂದು ಬೇಕು. ಅಂಥದೊಂದು ಇತ್ತು. ಅದು ಕಥೆ.

ಗಡಿ ಕೇಳದ ಕಥೆಗಳು

ಗದುಗು ಹಡಗಲಿಗೆ ಹೊಳೆಯಾಚೆಯ ಊರು. ಕುಮಾರವ್ಯಾಸನ ಭಾರತಕ್ಕೆ ‘ಗದುಗಿನ ಭಾರತ’ ಎಂಬ ಹೆಸರು ಬಂದದ್ದು ಆ ಊರಿನ ವೀರನಾರಾಯಣನಿಂದ. ಆ ಭಾರತವನ್ನು ವಾಚನ ಮಾಡಿಸಿ ಅರ್ಥ ಹೇಳಿಸುವ ಪದ್ಧತಿ ಮೈಸೂರು ಸೀಮೆಯಲ್ಲಿದ್ದಂತೆಯೇ ಮುಂಬಯಿ ಪ್ರಾಂತ್ಯದಲ್ಲೂ ನಿಜಾಮನ ರಾಜ್ಯದಲ್ಲೂ ಇತ್ತು. ಶ್ರಾವಣದಲ್ಲಿ ಮಠಗಳಲ್ಲಿ ಪುರಾಣ ಹಚ್ಚುವುದು, ಸುಗ್ಗಿ ಮುಗಿದ ಮೇಲೆ ಕಣದಲ್ಲಿ ಬಯಲಾಟ ಕಟ್ಟುವುದು ಎಲ್ಲ ಕಡೆಯ ರೂಢಿ. ಅಕ್ಷರ ಬಾರದ ಕೇಳುಗನಿಗೂ ಕರ್ಣನ ಸಾವು ಗೊತ್ತು, ಅಭಿಮನ್ಯುವಿನ ಚಕ್ರವ್ಯೂಹ ಗೊತ್ತು. ಹೀಗಾಗಿ ಪರಊರಿನ ಭಾಗವತನೊಬ್ಬ ಬಂದು ಪದ ಎತ್ತಿದರೆ ಅವನು ಅಪರಿಚಿತನಾದರೂ ಅವನ ಪದ ಅಪರಿಚಿತವಲ್ಲ.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಇದರ ಇನ್ನೊಂದು ರೂಪ ಕಾಣುತ್ತದೆ. ಭಾರತ ಹುಣ್ಣಿಮೆಯ ನಂತರದ ಜಾತ್ರೆಯಲ್ಲಿ ಡೆಂಗನಮರಡಿಯಲ್ಲಿ ಜನ ಕಿಕ್ಕಿರಿದು ಸೇರುತ್ತಾರೆ. ಉಪವಾಸವಿದ್ದ ಗೊರವಯ್ಯ ನೆಟ್ಟ ಬಿಲ್ಲನ್ನು ಏರಿ ‘ಸದ್ದಲೇ’ ಎಂದು ಕೂಗಿದೊಡನೆ ಅಷ್ಟೂ ಜನ ಮೌನವಾಗುತ್ತಾರೆ. ಆಗ ಅವನು ನುಡಿಯುವುದು ಒಂದೇ ಒಂದು ವಾಕ್ಯ, ಅದೇ ಕಾರಣಿಕ. ನುಡಿದವನೇ ಮೇಲಿನಿಂದ ಧುಮುಕುತ್ತಾನೆ. ಆ ವಾಕ್ಯ ಸಾಮಾನ್ಯವಾಗಿ ಒಗಟಿನಂತೆ ಇರುತ್ತದೆ. ಮಳೆಯ ಮಾತೋ, ಬೆಳೆಯ ಮಾತೋ, ರಾಜಕೀಯವೋ ಎಂಬ ಚರ್ಚೆ ಜಾತ್ರೆಯಿಂದ ಮರಳುವ ಬಂಡಿಗಳಲ್ಲೇ ಶುರು. ಹಾವೇರಿ, ದಾವಣಗೆರೆ, ಕೊಪ್ಪಳ ಕಡೆಗಳಿಂದ ಬಂದವರು ಒಂದೇ ವಾಕ್ಯವನ್ನು ಹೊತ್ತು ತಮ್ಮ ತಮ್ಮ ಊರಿಗೆ ಹೋಗಿ, ತಮ್ಮ ತಮ್ಮ ಅರ್ಥ ಹಚ್ಚುತ್ತಾರೆ. ಸಾಹಿತ್ಯ ವಿಮರ್ಶೆ ಎಂಬ ಮಾತು ಕೇಳದವರೂ ಅಲ್ಲಿ ವಿಮರ್ಶಕರೇ.

ಹೆಣ್ಣುಮಕ್ಕಳಿಗೆ ಜಾತ್ರೆಗಿಂತ ಮನೆಯ ಶುಭಕಾರ್ಯಗಳು ಹತ್ತಿರ. ಹರಪನಹಳ್ಳಿ ಭೀಮವ್ವ (1823–1903) ‘ಭೀಮೇಶಕೃಷ್ಣ’ ಎಂಬ ಅಂಕಿತದಲ್ಲಿ ಕಟ್ಟಿದ ಹಾಡುಗಳು ಬಾಯಿಂದ ಬಾಯಿಗೆ ಹರಿದವು. ಆರತಿಯ ಹಾಡು, ಕಥನದ ಹಾಡು, ಬೀಗರನ್ನು ಕೀಟಲೆ ಮಾಡುವ ಹಾಡು ಎಂದು ಅವುಗಳಿಗೆ ಮನೆಯೊಳಗೆ ಸದಾ ಕೆಲಸವಿತ್ತು. ಮದುವೆಯಾಗಿ ಹೊಳೆ ದಾಟಿ ಹೋದ ಹುಡುಗಿ ತವರಿನ ಪಾತ್ರೆಪದಾರ್ಥದ ಜೊತೆ ಹಾಡನ್ನೂ ಒಯ್ಯುತ್ತಿದ್ದಳು. ಗುರುತು ಪರಿಚಯವಿಲ್ಲದ ಅತ್ತೆಮನೆಯ ಪಡಸಾಲೆಯಲ್ಲಿ ಅವಳು ಹಾಡಿಗೆ ದನಿಗೂಡಿಸಿದಾಗ ಅಲ್ಲಿನ ಹೆಂಗಸರಿಗೆ ಅವಳು ಅರ್ಧ ಪರಿಚಿತಳಾದಂತೆ. ಇಂಥ ದಾರಿಗಳಿಗೆ ಸುಂಕದ ಕಟ್ಟೆ ಇರಲಿಲ್ಲ.

ತಿರುಕನ ಜೋಳಿಗೆ

ಅಪರಿಚಿತನಾಗಿಯೇ ಎಲ್ಲರಿಗೂ ಬೇಕಾದವನೆಂದರೆ ಸರ್ವಜ್ಞ. ಊರೂರು ಅಲೆದ, ಯಾವ ಊರಿನಲ್ಲೂ ಮನೆ ಕಟ್ಟದ ಕವಿ ಎಂದೇ ಜನ ಅವನನ್ನು ನೆನೆಯುತ್ತಾರೆ. ಮಾಸೂರು, ಅಬಲೂರುಗಳ ಹೆಸರು ಅವನ ಜನ್ಮಕಥೆಯೊಂದಿಗೆ ಬೆರೆತಿದೆ; ಅವೂ ತುಂಗಭದ್ರೆಯ ಆಚೆಯ ಸೀಮೆಯವೇ. ಮೂರು ಸಾಲಿನ ಅವನ ಪದ್ಯ ಕಲಿಯಲು ಸುಲಭ, ಹೊರಲು ಹಗುರ. ಜಗಳ ಬಿಡಿಸುವಾಗ, ಸಾಲ ಕೊಡುವಾಗ, ಮಗನಿಗೆ ಬುದ್ಧಿ ಹೇಳುವಾಗ ಅದು ಬಾಯಿಗೆ ಬರುತ್ತದೆ. ಹೀಗೆ ಸಾವಿರಾರು ಬಾಯಿಗಳಲ್ಲಿ ಹಂಚಿಹೋಗಿದ್ದ ಕವಿಯನ್ನು ಒಂದು ಪುಸ್ತಕಕ್ಕೆ ತಂದವರು ಉತ್ತಂಗಿ ಚನ್ನಪ್ಪ. ಅವರ ಮನೆತನದ ಹೆಸರು ಬಂದದ್ದು ಹಡಗಲಿ ತಾಲ್ಲೂಕಿನ ಉತ್ತಂಗಿ ಗ್ರಾಮದಿಂದ.

ಚನ್ನಪ್ಪನವರ ಕಥೆಗೆ ಬರುವ ಮುನ್ನ ಪರದೇಶದಿಂದ ಇಲ್ಲಿಗೆ ಬಂದ ಕೆಲವರನ್ನು ನೆನೆಯಬೇಕು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಬೈಬಲ್ಲನ್ನು ಕನ್ನಡಕ್ಕೆ ತರುವುದು ಅವನ ಉದ್ದೇಶ. ಜೊತೆಗೂಡಿದ ವಿಲಿಯಂ ರೀವ್ ಇಂಗ್ಲಿಷ್–ಕನ್ನಡ ನಿಘಂಟನ್ನು 1824ರಲ್ಲೂ ಕನ್ನಡ–ಇಂಗ್ಲಿಷ್ ನಿಘಂಟನ್ನು 1832ರಲ್ಲೂ ಹೊರತಂದ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಜರ್ಮನಿಯ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಎಂಬ ಪತ್ರಿಕೆ ಆರಂಭಿಸಿದ. ಕನ್ನಡದ ಮೊದಲ ಪತ್ರಿಕೆ ಅದು. ಮರುವರ್ಷವೇ ಅದು ಬಳ್ಳಾರಿಯ ಅಚ್ಚುಕೂಟಕ್ಕೆ ಬಂದು ‘ಕನ್ನಡ ಸಮಾಚಾರ’ ಎಂಬ ಹೆಸರು ಪಡೆಯಿತು. ಹೆಸರಿನ ಈ ಬದಲಾವಣೆಯಲ್ಲಿ ಒಂದು ಅರ್ಥವಿದೆ. ಒಂದು ಊರಿನ ಸುದ್ದಿ ಹೇಳಲು ಹೊರಟ ಪತ್ರಿಕೆ, ಕರಾವಳಿ ಬಿಟ್ಟು ಬಯಲುಸೀಮೆಗೆ ಬಂದಾಗ, ಭಾಷೆಯ ಹೆಸರು ಇಟ್ಟುಕೊಂಡಿತು.

ಈ ಮಿಷನರಿಗಳು ಮತಪ್ರಚಾರಕ್ಕೆ ಬಂದವರು ಎಂಬುದನ್ನು ಮರೆಯಬೇಕಿಲ್ಲ. ಆದರೆ ಮತಪ್ರಚಾರಕ್ಕೆ ಜನರ ಭಾಷೆ ಬೇಕು, ಭಾಷೆ ಕಲಿಯಬೇಕಾದರೆ ಜನರ ಹಾಡು, ಗಾದೆ, ಕಾವ್ಯ ಕಲಿಯಬೇಕು. ಕಲಿಯುತ್ತ ಹೋದಂತೆ ಕೆಲವರಿಗೆ ಅದರ ರುಚಿ ಹತ್ತಿತು. ಮೋಗ್ಲಿಂಗ್ ಹಳೆಯ ಕನ್ನಡ ಕಾವ್ಯಗಳನ್ನು ಮಾಲೆಯಾಗಿ ಅಚ್ಚು ಹಾಕಿಸಿದ. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ಬಾಳಿನ ದೊಡ್ಡ ಭಾಗವನ್ನು ಕನ್ನಡದ ಪದಗಳ ಹಿಂದೆ ಕಳೆದು 1894ರಲ್ಲಿ ತನ್ನ ಮಹಾನಿಘಂಟನ್ನು ಪ್ರಕಟಿಸಿದ. ಊರು ಬಿಟ್ಟು ಬಂದವನಿಗೆ ಊರಿನವರ ಕಾವ್ಯವೇ ಬಾಗಿಲಾದದ್ದಕ್ಕೆ ಇವರು ಸಾಕ್ಷಿ.

ಉತ್ತಂಗಿ ಚನ್ನಪ್ಪ (1881–1962) ಈ ಬಾಗಿಲಿನ ಒಳಹೊರಗೆ ಎರಡರಲ್ಲೂ ಇದ್ದವರು. ಲಿಂಗಾಯತ ಮೂಲದ, ಕ್ರೈಸ್ತಮತ ಸೇರಿದ ಮನೆತನ. ಹುಟ್ಟಿದ್ದು ಧಾರವಾಡದಲ್ಲಿ. ಬಾಸೆಲ್ ಮಿಷನ್ನಿನಲ್ಲಿ ಓದಿ ಪಾದ್ರಿಯಾದರು. ಮಿಷನ್ನಿನ ಕೆಲಸದ ಜೊತೆಗೆ ಹಳ್ಳಿಹಳ್ಳಿಗಳಲ್ಲಿ ಸರ್ವಜ್ಞನ ಪದಗಳನ್ನು ಹುಡುಕಿದರು. ತಾಳೆಗರಿ, ಕೈಬರಹದ ಕಟ್ಟು, ಮುದುಕರ ನೆನಪು ಯಾವುದನ್ನೂ ಬಿಡಲಿಲ್ಲ. ಒಂದೇ ಪದ ಒಂದೊಂದು ಊರಿನಲ್ಲಿ ಒಂದೊಂದು ತೆರ. ಅವನ್ನೆಲ್ಲ ಹೋಲಿಸಿ, ಸೋಸಿ, ವಿಷಯವಾರು ಹೊಂದಿಸಿ 1924ರಲ್ಲಿ ‘ಸರ್ವಜ್ಞನ ವಚನಗಳು’ ಸಂಪುಟವನ್ನು ಹೊರತಂದರು. ಸಾವಿರಕ್ಕೂ ಮೇಲ್ಪಟ್ಟ ಪದಗಳ ಆ ಸಂಗ್ರಹ ಇಂದಿಗೂ ಸರ್ವಜ್ಞನ ಅಧ್ಯಯನಕ್ಕೆ ತಳಪಾಯ.

ಆ ಸಂಗ್ರಹದ ಹಿಂದಿನ ದೃಶ್ಯವನ್ನು ಊಹಿಸಿಕೊಳ್ಳಬೇಕು. ಪಾದ್ರಿಯ ವೇಷದ ಪರಊರಿನವನೊಬ್ಬ ಬಂದು ಕಟ್ಟೆಯ ಮೇಲೆ ಕುಳಿತರೆ ಜನ ಶಂಕೆಯಿಂದ ನೋಡುವುದು ಸಹಜ. ಅವನು ಕೇಳುವುದು ಮಾತ್ರ ಅವರ ಅಜ್ಜ ಹೇಳುತ್ತಿದ್ದ ಪದವನ್ನು. ಕೊಡಲು ಎಲ್ಲರ ಬಳಿಯೂ ಒಂದಾದರೂ ಇರುತ್ತದೆ. ಭಿಕ್ಷೆ ಬೇಡಿದ ಕವಿಯ ಪದಗಳನ್ನು ಭಿಕ್ಷೆಯಂತೆಯೇ ಕೂಡಿಹಾಕಿದ ಚನ್ನಪ್ಪನವರನ್ನು ಕನ್ನಡಿಗರು ‘ತಿರುಳ್ಗನ್ನಡದ ತಿರುಕ’ ಎಂದು ಕರೆದರು. ಮುಂದೆ ಅವರು ವಚನ ಸಾಹಿತ್ಯದ ಕಡೆಗೆ ತಿರುಗಿ ಅನುಭವ ಮಂಟಪದ ಐತಿಹಾಸಿಕತೆಯ ಬಗ್ಗೆ ಬರೆದರು, ಸಿದ್ಧರಾಮನ ಸಾಹಿತ್ಯವನ್ನು ಸಂಪಾದಿಸಿದರು. ನಿಜಾಮನ ರಾಜ್ಯ ಭಾರತದಲ್ಲಿ ವಿಲೀನವಾದ ಮರುವರ್ಷ, 1949ರಲ್ಲಿ, ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಹಡಗಲಿಯ ಹಳ್ಳಿಯ ಹೆಸರು ಹೊತ್ತ ಧಾರವಾಡದ ಕ್ರೈಸ್ತ ಪಾದ್ರಿಯನ್ನು ಕಲಬುರಗಿಯ ಕನ್ನಡಿಗರು ತಮ್ಮವರೆಂದು ಕೂರಿಸಿಕೊಂಡದ್ದು ಸರ್ವಜ್ಞನ ಮತ್ತು ಶರಣರ ಸಂಬಂಧದಿಂದ.

ಹರಪನಹಳ್ಳಿಯ ಓದುಗ

ಅಚ್ಚಿನ ಪುಸ್ತಕ ಇನ್ನೊಂದು ಬಗೆಯ ಪರಿಚಯವನ್ನು ಸಾಧ್ಯ ಮಾಡಿತು. ಹಾಡಿಗೆ ಹಾಡುವವರು ಎದುರಿಗಿರಬೇಕು. ಕಾದಂಬರಿಗೆ ಲೇಖಕ ನೂರಾರು ಮೈಲಿ ದೂರ ಇದ್ದರೂ ಆಯಿತು. ಇದಕ್ಕೆ ಹರಪನಹಳ್ಳಿಯವರೇ ಆದ ರಾಯಸಂ ಭೀಮಸೇನರಾವ್ (1913–1980) ಒಳ್ಳೆಯ ಉದಾಹರಣೆ. ಕನ್ನಡಿಗರಿಗೆ ಅವರು ‘ಬೀಚಿ’.

ಬಾಲ್ಯದಲ್ಲೇ ತಂದೆತಾಯಿಯನ್ನು ಕಳೆದುಕೊಂಡು, ಕಷ್ಟದಲ್ಲಿ ಬೆಳೆದು, ಪೊಲೀಸ್ ಇಲಾಖೆಯ ನೌಕರಿ ಹಿಡಿದ ಅವರಿಗೆ ಮೊದಮೊದಲು ಕನ್ನಡ ಪುಸ್ತಕಗಳ ಬಗ್ಗೆ ತಾತ್ಸಾರವೇ ಇತ್ತು. ಮದರಾಸು ಪ್ರಾಂತ್ಯದ ಬಳ್ಳಾರಿಯಲ್ಲಿ ಇದೇನೂ ಆಶ್ಚರ್ಯವಲ್ಲ. ಓದಬೇಕೆನ್ನುವವನು ಇಂಗ್ಲಿಷ್ ಓದುತ್ತಿದ್ದ, ಇಲ್ಲವೆ ತೆಲುಗು ಓದುತ್ತಿದ್ದ. ಹೀಗಿದ್ದವರ ಕೈಗೆ ಅ.ನ. ಕೃಷ್ಣರಾಯರ ‘ಸಂಧ್ಯಾರಾಗ’ ಕಾದಂಬರಿ ಸಿಕ್ಕಿತು. ಸಂಗೀತಗಾರನೊಬ್ಬನ ಬಾಳಿನ ಆ ಕಥೆ ಅವರನ್ನು ಅಲ್ಲಾಡಿಸಿಬಿಟ್ಟಿತು. ಕನ್ನಡದಲ್ಲೂ ಹೀಗೆ ಬರೆಯುತ್ತಾರೆಯೇ ಎಂಬ ಬೆರಗು ಅವರನ್ನು ಓದುಗನನ್ನಾಗಿ, ಓದು ಲೇಖಕನನ್ನಾಗಿ ಮಾಡಿತು. ಮೈಸೂರು ಸೀಮೆಯ ಲೇಖಕನೊಬ್ಬ ತಾನೆಂದೂ ಕಾಣದ ಬಳ್ಳಾರಿ ಸೀಮೆಯ ಓದುಗನನ್ನು ಈ ರೀತಿ ಕನ್ನಡಕ್ಕೆ ಕರೆದುಕೊಂಡ. ಅ.ನ.ಕೃ. ಅವರನ್ನು ಬೀಚಿ ಕೊನೆಯವರೆಗೂ ಗುರುವೆಂದು ನೆನೆದರು.

ಬೀಚಿ ಆ ಋಣವನ್ನು ತೀರಿಸಿದ ರೀತಿಯೂ ಗಮನಾರ್ಹ. ಅವರು ಅ.ನ.ಕೃ. ಅವರ ಭಾಷೆಯನ್ನು ಅನುಕರಿಸಲಿಲ್ಲ. ‘ದಾಸಕೂಟ’, ‘ತಿಮ್ಮನ ತಲೆ’ ಮೊದಲಾದ ಪುಸ್ತಕಗಳಲ್ಲಿ ಬಳ್ಳಾರಿಯ ಬಿಸಿಲಿನ ಮಾತು, ಒರಟು ನಗೆ, ಕಟಕಿ ಎಲ್ಲವನ್ನೂ ಹಾಗೆಯೇ ತಂದರು. ಅವರ ತಿಮ್ಮ ಹರಪನಹಳ್ಳಿಯ ಓಣಿಯಲ್ಲಿ ಓಡಾಡುವವನಂತೆ ಕಂಡರೂ ಮೈಸೂರು, ಮಂಗಳೂರು, ಧಾರವಾಡಗಳ ಮನೆಗಳಲ್ಲಿ ಮನೆಯವನೇ ಆದ. ‘ಐತಿ’ ಎನ್ನುವವನ ನಗೆಯನ್ನು ‘ಉಂಟು’ ಎನ್ನುವವನು ಅರ್ಥ ಮಾಡಿಕೊಂಡ. ವಾರಪತ್ರಿಕೆಯಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಿದ್ದಾಗ ನಾಡಿನ ಮೂಲೆಮೂಲೆಯ ಜನ ಗುರುತಿಲ್ಲದ ಈ ಮನುಷ್ಯನಿಗೆ ಹಳೆಯ ಗೆಳೆಯನಿಗೆ ಬರೆದಂತೆ ಕಾರ್ಡು ಬರೆದರು. ತಮ್ಮ ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟವರಿಗೆ ಅಂಥ ಸಲುಗೆ ಸಲ್ಲುವಂಥದೇ.

ಸಮ್ಮೇಳನ ಬರೆದ ನಕ್ಷೆ

ಹೀಗೆ ಬಿಡಿಬಿಡಿಯಾಗಿ ಬೆಳೆದ ಪರಿಚಯಗಳಿಗೆ ವರ್ಷಕ್ಕೊಮ್ಮೆ ಮುಖ ಕೊಟ್ಟದ್ದು ಸಾಹಿತ್ಯ ಸಮ್ಮೇಳನ. 1915ರಲ್ಲಿ ಸಾಹಿತ್ಯ ಪರಿಷತ್ತಿನೊಡನೆ ಬೆಂಗಳೂರಿನಲ್ಲಿ ಆರಂಭವಾದ ಅದು ಬೇಗನೆ ಊರೂರು ತಿರುಗತೊಡಗಿತು. ಬಳ್ಳಾರಿ ಜಿಲ್ಲೆಯನ್ನೇ ನೋಡಿದರೆ 1920ರಲ್ಲಿ ಹೊಸಪೇಟೆ, 1926ರಲ್ಲಿ ಬಳ್ಳಾರಿ, 1938ರಲ್ಲಿ ಮತ್ತೆ ಬಳ್ಳಾರಿ, 1947ರಲ್ಲಿ ಹರಪನಹಳ್ಳಿ. ಅಧ್ಯಕ್ಷರು ಕ್ರಮವಾಗಿ ರೊದ್ದ ಶ್ರೀನಿವಾಸರಾಯರು, ಫ.ಗು. ಹಳಕಟ್ಟಿ, ರಂಗನಾಥ ದಿವಾಕರ, ಸಿ.ಕೆ. ವೆಂಕಟರಾಮಯ್ಯ. ಮೊದಲ ಮೂವರು ಮುಂಬಯಿ ಪ್ರಾಂತ್ಯದವರು, ನಾಲ್ಕನೆಯವರು ಮೈಸೂರಿನವರು. ಸರ್ಕಾರದ ಕಣ್ಣಿನಲ್ಲಿ ನಾಲ್ವರೂ ಹೊರಗಿನವರು. ಸಭೆಯಲ್ಲಿ ಕುಳಿತವರಿಗೆ ಹಾಗನ್ನಿಸಲಿಲ್ಲ. ವಚನದ ಕಟ್ಟುಗಳಿಗಾಗಿ ಬಾಳನ್ನೇ ಸವೆಸಿದ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಕೊಟ್ಟ ಹಳಕಟ್ಟಿಯವರು ಬಳ್ಳಾರಿಯ ಜನಕ್ಕೆ ಹೊರಗಿನವರಾಗುವುದು ಹೇಗೆ?

ಸಮ್ಮೇಳನ ನಡೆದ ಉಳಿದ ಊರುಗಳ ಹೆಸರನ್ನೂ ಜೋಡಿಸಿ ನೋಡಬೇಕು: ಬೆಳಗಾವಿ, ಮಂಗಳೂರು, ಕಲಬುರಗಿ, ಮಡಿಕೇರಿ, ರಾಯಚೂರು, ಜಮಖಂಡಿ, ಕಾಸರಗೋಡು. ಇವುಗಳ ಮೇಲೆ ಒಂದು ಗೆರೆ ಎಳೆದರೆ, 1956ರ ನವೆಂಬರ್ 1ರಂದು ಹುಟ್ಟಿದ ರಾಜ್ಯದ ಚಿತ್ರ ಹೆಚ್ಚುಕಡಿಮೆ ಅದರಲ್ಲಿ ಮೂಡುತ್ತದೆ. ಹೊರಗೆ ಉಳಿದ ಕಾಸರಗೋಡಿನ ನೋವೂ ಅದರಲ್ಲೇ ಕಾಣುತ್ತದೆ. ರಾಜಕೀಯದ ಒತ್ತಾಯ, ಚಳವಳಿ, ಉಪವಾಸ, ಆಯೋಗಗಳ ವರದಿ ಇವೆಲ್ಲ ಗಡಿಯನ್ನು ತೀರ್ಮಾನಿಸಿದವು, ನಿಜ. ಸಾಹಿತ್ಯವೊಂದೇ ರಾಜ್ಯವನ್ನು ತಂದಿತೆಂದರೆ ಅತಿಶಯೋಕ್ತಿಯಾದೀತು. ಆದರೆ ಹೋರಾಡುವವರಿಗೆ ‘ಆಚೆಯವರೂ ನಮ್ಮವರು’ ಎಂದು ಹೇಳಲು ಆಧಾರವಾಗಿದ್ದದ್ದು ಈ ಓದಿನ ನಂಟು.

1953ರಲ್ಲಿ ಆಂಧ್ರ ರಾಜ್ಯದ ರಚನೆ ನಿಶ್ಚಯವಾದಾಗ ಬಳ್ಳಾರಿ ಜಿಲ್ಲೆಯನ್ನು ಒಡೆಯುವ ಪ್ರಶ್ನೆ ಎದ್ದಿತು. ಬಳ್ಳಾರಿ ತಾಲ್ಲೂಕಿನ ವಿವಾದವನ್ನು ಪರಿಶೀಲಿಸಲು ನ್ಯಾಯಮೂರ್ತಿ ಎಲ್.ಎಸ್. ಮಿಶ್ರ ಅವರನ್ನು ನೇಮಿಸಲಾಯಿತು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಗಳ ವಿಷಯದಲ್ಲಿ ಅಂಥ ವಿವಾದವೇ ಇರಲಿಲ್ಲ. ಅಕ್ಟೋಬರ್ 1ರಂದು ಈ ಮೂರರ ಜೊತೆ ಹೊಸಪೇಟೆ, ಸಂಡೂರು, ಸಿರುಗುಪ್ಪ ಮತ್ತು ಬಳ್ಳಾರಿ ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಅಲ್ಲಿಯೂ ಕನ್ನಡದ ಮನೆಗಳಿದ್ದವು, ಇವೆ. ನೆಂಟರ ಪಂಕ್ತಿಯಲ್ಲಿ ಕೆಲವರ ಎಲೆ ಆಚೆಗೆ ಸರಿದಂತಾಯಿತು.

ಗಡಿಯಾಚೆಯ ಮೇಷ್ಟ್ರು

ಅದೇ 1953ರ ಅಕ್ಟೋಬರ್ 1ರಂದು ಕೊಟ್ಟೂರಿನಲ್ಲಿ ಒಬ್ಬ ಹುಡುಗ ಹುಟ್ಟಿದ. ಮುಂದೆ ‘ಕುಂ.ವೀ.’ ಎಂದು ಹೆಸರಾದ ಕುಂ. ವೀರಭದ್ರಪ್ಪನವರು ಹೊಟ್ಟೆಪಾಡಿಗಾಗಿ ಹೋದದ್ದು ಆಂಧ್ರದ ಹಳ್ಳಿಶಾಲೆಗಳಿಗೆ. ಮೂರು ದಶಕಗಳ ಕಾಲ ರಾಯಲಸೀಮೆಯ ಹಿಂದುಳಿದ ಊರುಗಳಲ್ಲಿ ಮೇಷ್ಟ್ರಾಗಿದ್ದರು. ಭಾಷೆ ಬೇರೆ, ಜನ ಬೇರೆ, ಊರ ಗೌಡರ ದರ್ಪವೂ ಬೇರೆ. ಅಲ್ಲಿ ಅವರಿಗೆ ದಕ್ಕಿದ್ದು ಮತ್ತೆ ಕಥೆಯೇ. ತೆಲುಗಿನಲ್ಲಿ ಕೇಳಿದ ಬಾಳುಗಳನ್ನು ಅವರು ಕನ್ನಡದಲ್ಲಿ ಬರೆದರು. ಬರ, ಜೀತ, ಜಾತಿಯ ಕ್ರೌರ್ಯ, ಅದರ ನಡುವೆಯೂ ಆರದ ನಗೆ ಅವರ ಬರಹದಲ್ಲಿ ತುಂಬಿದವು. ‘ಅರಮನೆ’ ಕಾದಂಬರಿಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಓದಿನ ಆಸೆ ಹೊತ್ತ ಬಡ ಹುಡುಗನ ಕಥೆ ‘ಕೊಟ್ರೇಶಿ ಕನಸು’ 1994ರಲ್ಲಿ ಚಲನಚಿತ್ರವಾಯಿತು. ಆ ಹೆಸರಿನಲ್ಲೇ ಕೊಟ್ಟೂರಿನ ದೈವ ಇದೆ.

ಬೀಚಿಯವರದು ತೆಲುಗಿನ ನೆರಳಿನಿಂದ ಕನ್ನಡಕ್ಕೆ ಬಂದ ದಾರಿ. ಕುಂ.ವೀ. ಅವರದು ಕನ್ನಡದಿಂದ ತೆಲುಗು ನಾಡಿಗೆ ಹೋಗಿ, ಅಲ್ಲಿಯವರನ್ನು ಕನ್ನಡದ ಓದುಗರಿಗೆ ಪರಿಚಯಿಸಿದ ದಾರಿ. ಓದು ಕೂಡಿಸಿದ ನಂಟು ರಾಜ್ಯದ ಗಡಿ ಬಂದಲ್ಲಿ ನಿಲ್ಲಬೇಕಾಗಿಲ್ಲ ಎಂಬುದಕ್ಕೆ ಈ ಎರಡನೆಯ ದಾರಿಯೇ ನಿದರ್ಶನ. ಸರ್ವಜ್ಞನ ವಿಷಯದಲ್ಲೂ ಹಾಗೆಯೇ ಆಯಿತು. 2009ರಲ್ಲಿ ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆ, ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣಗೊಂಡವು. ಒಂದು ಕಾಲಕ್ಕೆ ಹಡಗಲಿ, ಹರಪನಹಳ್ಳಿಗಳನ್ನು ಆಳಿದ ಪಟ್ಟಣದಲ್ಲಿ ಈಗ ಊರೂರು ಅಲೆದ ತಿರುಕನಿಗೊಂದು ಕಾಯಂ ಜಾಗವಿದೆ.

ಸಮುದ್ರದಾಚೆ

ಕಳೆದ ಅರ್ಧ ಶತಮಾನದಲ್ಲಿ ಕನ್ನಡಿಗರು ನಿಜವಾದ ಪರದೇಶಗಳಿಗೆ ಹೋಗಿ ನೆಲೆಸಿದರು. ಅಲ್ಲಿ ನಡೆದದ್ದೂ ಬೇರೆಯಲ್ಲ. ಅಮೆರಿಕದ ಊರೊಂದರಲ್ಲಿ ಸೇರುವ ಹತ್ತು ಮನೆಗಳಲ್ಲಿ ಒಂದು ಬಳ್ಳಾರಿ ಕಡೆಯದು, ಒಂದು ಪುತ್ತೂರಿನದು, ಒಂದು ಹಾಸನದ್ದು. ಊರಿನಲ್ಲಿದ್ದಿದ್ದರೆ ಈ ಮನೆಗಳು ಒಂದನ್ನೊಂದು ಅರಿಯುವ ಪ್ರಸಂಗವೇ ಬರುತ್ತಿರಲಿಲ್ಲ. ಮೊದಲು ಹಬ್ಬದೂಟಕ್ಕೆ ಕೂಡಿದವರು ಬರಬರುತ್ತ ಪತ್ರಿಕೆ ಮಾಡಿದರು, ನಾಟಕ ಆಡಿದರು. ಕನ್ನಡ ಕೂಟಗಳ ಆಗರವಾದ ‘ಅಕ್ಕ’ 1998ರಲ್ಲಿ ಹುಟ್ಟಿತು. ಸಾಹಿತ್ಯಕ್ಕೆಂದೇ ಮೀಸಲಾದ ‘ಕನ್ನಡ ಸಾಹಿತ್ಯ ರಂಗ’ ಈ ಶತಮಾನದ ಆರಂಭದಲ್ಲಿ ಕೆಲಸ ಶುರುಮಾಡಿ, ಎರಡು ವರ್ಷಕ್ಕೊಮ್ಮೆ ವಸಂತ ಸಾಹಿತ್ಯೋತ್ಸವ ನಡೆಸುವ ರೂಢಿ ಹಾಕಿತು. ಹತ್ತಾರು ಬಗೆಯ ಕನ್ನಡ ಮಾತನಾಡುವವರಿಗೆ ಅಲ್ಲಿಯೂ ಸಾಮಾನ್ಯ ನೆಲವಾದದ್ದು ಎಲ್ಲರೂ ಓದಿದ ಪುಸ್ತಕ.

ಕನ್ನಡ ಬಾರದ ಪರದೇಶಿಯರಿಗೂ ಈ ನೆಲ ತಲುಪಿದೆ. ಷಿಕಾಗೋ ವಿಶ್ವವಿದ್ಯಾಲಯದಲ್ಲಿದ್ದ ಎ.ಕೆ. ರಾಮಾನುಜನ್ 1973ರಲ್ಲಿ ವಚನಗಳ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದರು. ಹಳಕಟ್ಟಿಯವರು ಕಟ್ಟು ಬಿಚ್ಚಿ ಅಚ್ಚಿಗೆ ತಂದ ಸಾಹಿತ್ಯವನ್ನು ಅದುವರೆಗೆ ಶರಣರ ಹೆಸರನ್ನೇ ಕೇಳದ ಓದುಗರು ಓದಿದರು. 2025ರಲ್ಲಿ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳ ಸಂಕಲನ, ದೀಪಾ ಭಾಸ್ತಿ ಅವರ ಅನುವಾದದಲ್ಲಿ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಲಂಡನ್ನಿನಲ್ಲಿ ಪಡೆಯಿತು. ಲಂಡನ್ನಿನ ಮಿಷನ್ ಕನ್ನಡ ಕಲಿಯಲು ಬಳ್ಳಾರಿಗೆ ಮನುಷ್ಯನನ್ನು ಕಳಿಸಿ ಆಗ 215 ವರ್ಷವಾಗಿತ್ತು.

ಈ ಐದು ತಾಲ್ಲೂಕುಗಳ ವಿಳಾಸ ಮಾತ್ರ ಬದಲಾಗುತ್ತಲೇ ಬಂದಿದೆ. ಹಗರಿಬೊಮ್ಮನಹಳ್ಳಿ ಮತ್ತು ಕೊಟ್ಟೂರು ಆಮೇಲೆ ತಾಲ್ಲೂಕುಗಳಾದವು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಉಳಿದ ನಾಲ್ಕರ ಮತ್ತು ಹೊಸಪೇಟೆಯ ಜೊತೆ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಇಷ್ಟು ಸಲ ಜಿಲ್ಲೆ ಬದಲಾದರೂ ಭೀಮವ್ವನ ಹೆಸರಿನ ಹಿಂದಿನ ‘ಹರಪನಹಳ್ಳಿ’ ಬದಲಾಗಿಲ್ಲ. ಉತ್ತಂಗಿ ಎಲ್ಲಿದೆ ಎಂದು ತಿಳಿಯದ ಓದುಗರೂ ಸರ್ವಜ್ಞನ ಪುಸ್ತಕ ತೆರೆದಾಗ ಆ ಊರಿನ ಹೆಸರನ್ನು ಓದುತ್ತಾರೆ.